ಸಂತೆಯ ದಿನದ ವಾಯಿದೆ

ಹಾಲಮ್ಮ ತನ್ನ ಕೇಸಿಗೆ ಬೇರೆ ದಿನ ಕೇಳಿದ್ದಳು. ಯಾರೂ ಕೇಳಿಲ್ಲ ಎಂದು ನಾನು ನ್ಯಾಯಾಧೀಶರಿಗೆ ಹೇಳಿದೆ. ಆಮೇಲೆ ಹಾಲಮ್ಮನ ಮುಂದೆ ನಿಂತು, ಕೇಳಿ ನೋಡಿದೆ, ನ್ಯಾಯಾಧೀಶರೇ ಒಪ್ಪಲಿಲ್ಲ ಎಂದೆ. ಎರಡೂ ಸುಳ್ಳು. ಅವಳ ಮಗಳು ಅವಳನ್ನು ಮರೆತದ್ದು ಈ ಎರಡು ಸುಳ್ಳುಗಳಿಂದ.

ಹೇಳಿಕೊಂಡರೆ ಮನಸ್ಸು ಹಗುರವಾಗುತ್ತದೆ ಎನ್ನುವವರಿದ್ದಾರೆ. ನನಗೇನೂ ಹಾಗಾಗಿಲ್ಲ. ಸಿಟ್ಟು ಬರುತ್ತಿದೆ, ಅಷ್ಟೇ — ಮೊದಲು ನನ್ನ ಮೇಲೆ, ಆಮೇಲೆ ಜೀವಮಾನವಿಡೀ ನಾನು ಮಾಡಿದ ಆ ನೌಕರಿಯ ಮೇಲೆ, ಅಲ್ಲಿ ಎಲ್ಲರೂ ಎಷ್ಟು ಒಳ್ಳೆಯವರಾಗಿದ್ದೆವು ಎಂಬುದರ ಮೇಲೆ. ಕೆಟ್ಟವರಿದ್ದಿದ್ದರೆ ಬೈದು ಮುಗಿಸಬಹುದಿತ್ತು.

ನಾನು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವನು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ — ಈ ಸೀಮೆಯಲ್ಲೇ ನನ್ನ ಬದುಕು ಸುತ್ತಿ ಸುತ್ತಿ ಮುಗಿಯಿತು. ಇದು ನಡೆದದ್ದು ಯಾವ ಊರಿನಲ್ಲಿ ಎಂದು ಹೇಳುವುದಿಲ್ಲ. ಊರಿನ ಹೆಸರು ಹೇಳಿದರೆ ತಪ್ಪು ಆ ಊರಿನದಾಗಿಬಿಡುತ್ತದೆ. ಅದು ನನ್ನದು. ಬೆಂಚ್ ಕ್ಲರ್ಕ್ ಎಂದರೆ ನ್ಯಾಯಾಧೀಶರ ಪೀಠದ ಕೆಳಗೆ ಕೂತು ಒಂದೊಂದೇ ಫೈಲು ಮೇಲಕ್ಕೆ ಕೊಡುವವನು. ಅವರು 'ಮುಂದಕ್ಕೆ ಹಾಕಿ' ಎಂದಾಗ ಯಾವ ದಿನಕ್ಕೆ ಎಂದು ಸೂಚಿಸುವವನು. ತೀರ್ಪು ಬರೆಯುವವರು ಅವರೇ. ಆದರೆ ತೀರ್ಪು ಯಾವಾಗ ಬರಬೇಕು ಎನ್ನುವುದು ಬಹಳ ಮಟ್ಟಿಗೆ ಕೆಳಗೆ ಕೂತವನ ಕೈಯಲ್ಲಿರುತ್ತದೆ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು.

ನಮ್ಮಲ್ಲಿ ಕೌಟುಂಬಿಕ ನ್ಯಾಯಾಲಯ ಅಂತ ಬೇರೆ ಇರಲಿಲ್ಲ. ಅದೆಲ್ಲ ಜಿಲ್ಲಾ ಕೇಂದ್ರದಲ್ಲಿ. ತಾಲ್ಲೂಕಿನಲ್ಲಿ ಹೊಲದ ಬದುವಿನ ಜಗಳ, ಚೆಕ್ ಬೌನ್ಸು, ಅಣ್ಣತಮ್ಮಂದಿರ ಪಾಲು, ಗಂಡ ಹೆಂಡತಿಯ ವಿಚ್ಛೇದನ, ಮಕ್ಕಳು ಯಾರ ಹತ್ತಿರ ಇರಬೇಕೆಂಬುದು — ಎಲ್ಲ ಒಂದೇ ಕೋಣೆ, ಒಂದೇ ಪೀಠ, ಒಬ್ಬನೇ ನಾನು.

ನಮ್ಮ ಕಡೆಯ ಜನ ಎಲ್ಲವನ್ನೂ ಸಂತೆಯ ದಿನಕ್ಕೆ ಇಟ್ಟುಕೊಳ್ಳುತ್ತಾರೆ. ಹಲ್ಲು ಕೀಳಿಸುವುದು, ಪಹಣಿ ತೆಗೆಸುವುದು, ಕುರಿ ಮಾರುವುದು, ಗಂಡಿನ ಕಡೆಯವರನ್ನು ಕಂಡು ಮಾತಾಡುವುದು, ಎಲ್ಲವೂ ಅಂದೇ. ಆ ದಿನ ಹಳ್ಳಿಗಳಿಗೆ ಬಸ್ಸು ಹೆಚ್ಚು, ಟಂಟಂ ಆಟೋ ಹೆಚ್ಚು. ಉಳಿದ ದಿನ ಬಂದರೆ ಹೋಗುವುದಕ್ಕಿಲ್ಲ, ಹೋದರೆ ಬರುವುದಕ್ಕಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುದುಕಿಯೊಬ್ಬಳು ಚಿಗಟೇರಿಯ ಆಚೆಯ ಹಳ್ಳಿಯಿಂದ ಬಂದು, ಸಂಜೆಯವರೆಗೆ ಕಾದು, ಬರಿಯ ಮುಂದಿನ ತಾರೀಖು ಕೇಳಿಕೊಂಡು ಹೋದದ್ದನ್ನು ನೋಡಿದ್ದೆ. ಬಸ್ಸು ತಪ್ಪಿ ಅಂಗಳದಲ್ಲೇ ಸೆರಗು ಹಾಸಿ ಮಲಗಿದಳು. ಅಂದಿನಿಂದ ಹಳ್ಳಿಯವರ ವಾಯಿದೆಗಳನ್ನೆಲ್ಲ, ಎಂದರೆ ಕೋರ್ಟಿನ ತಾರೀಖುಗಳನ್ನೆಲ್ಲ, ಸಂತೆಯ ದಿನಕ್ಕೆ ಹಾಕತೊಡಗಿದೆ. ಕೋರ್ಟೂ ಆಯಿತು, ಸಂತೆಯೂ ಆಯಿತು, ಬಸ್ಸೂ ಸಿಕ್ಕಿತು.

ಜನ ಹೊಗಳಿದರು. ಎಷ್ಟು ಹೊಗಳಿದರೆಂದರೆ, ಹೋದ ಹೋದ ಕೋರ್ಟಿಗೂ ನನ್ನ ಆ ಪದ್ಧತಿಯನ್ನೇ ಹೊತ್ತುಕೊಂಡು ಹೋದೆ. ಚಹಾ ಅಂಗಡಿಯವನು ನನ್ನನ್ನು 'ಸಂತಿ ಸಾಹೇಬ್ರು' ಎಂದು ಕರೆಯತೊಡಗಿದ. ಆಮೇಲೆ ವಕೀಲರೂ ಕರೆದರು. ನಾನು ಬೇಡವೆನ್ನಲಿಲ್ಲ. ಹೆಣ್ಣುಮಕ್ಕಳ ಕೇಸುಗಳನ್ನು ಪಟ್ಟಿಯ ಕೊನೆಗೆ ಇಡುತ್ತಿದ್ದೆ — ಬೆಳಿಗ್ಗೆ ಕಾಯಿಪಲ್ಲೆ, ಬೇಳೆ ಕೊಂಡುಕೊಂಡು ನಿರಾಳವಾಗಿ ಮಧ್ಯಾಹ್ನದ ಮೇಲೆ ಬರಲಿ ಎಂದು. ಅದೂ ಉಪಕಾರವೇ ಅಲ್ಲವೇ? ನಾನು ಹಾಗೆಂದುಕೊಂಡಿದ್ದೆ.

ಆದದ್ದೇನು? ಸಂತೆಯ ದಿನ ಕೋರ್ಟಿನ ಪಟ್ಟಿ ಎಳೆದಷ್ಟೂ ಉದ್ದ. ಬೆಳಿಗ್ಗೆ ವಕೀಲರ ತುರ್ತು ಅರ್ಜಿಗಳು, ಹನ್ನೆರಡಕ್ಕೆ ಹೊಲದ ದಾವೆಯಲ್ಲಿ ಸಾಕ್ಷಿ ಹೇಳಲು ಬಂದ ಯಾರೋ ಹಿರಿಯ, ಅವನು ಅಜ್ಜನ ಕಾಲದಿಂದ ಶುರು ಮಾಡುವುದು, ಊಟ, ಮತ್ತೆ ಅದೇ ಸಾಕ್ಷಿ. ಗಡಿಯಾರ ಐದರ ಕಡೆ ಹೋಗುತ್ತಿದ್ದಂತೆ ಜವಾನ ಕೊನೆಯ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಕೂಗುತ್ತಿದ್ದ. ಕೈಚೀಲ ಹಿಡಿದ ಹೆಂಗಸರು ಎದ್ದು ನಿಲ್ಲುತ್ತಿದ್ದರು. ನಾನು ಮುಂದಿನ ತಾರೀಖು ಹೇಳುತ್ತಿದ್ದೆ — ಅದೂ ಸಂತೆಯ ದಿನವೇ. ಮರುದಿನ ಹೋಗಿ ನೋಡಿದರೆ ಕೋರ್ಟಿನಲ್ಲಿ ನೊಣ ಹೊಡೆಯುವಷ್ಟು ಪುರುಸೊತ್ತು. ನಾಲ್ಕು ಗಂಟೆಗೆಲ್ಲ ಮನೆ ಸೇರುತ್ತಿದ್ದೆ. ಇದನ್ನೂ ಮುಚ್ಚಿಡುವುದಿಲ್ಲ: ಆ ಖಾಲಿ ದಿನಗಳು ನನಗೆ ಇಷ್ಟವಾಗಿದ್ದವು.

ಹಾಲಮ್ಮ ಇಂಥ ಪಟ್ಟಿಯ ಕೊನೆಯಲ್ಲಿದ್ದವಳು. ಉಜ್ಜಿನಿಯ ಪಕ್ಕದ ಹಳ್ಳಿಯ ಹುಡುಗಿ. ತಂಬ್ರಹಳ್ಳಿ ಕಡೆಯ ಕೊಟ್ರೇಶನಿಗೆ ಕೊಟ್ಟಿದ್ದರು. ಅವನದು ಒಣಮೆಣಸಿನಕಾಯಿ ವ್ಯಾಪಾರ. ಸಣ್ಣ ಗೂಡ್ಸ್ ಗಾಡಿಯಲ್ಲಿ ಚೀಲ ಹೇರಿಕೊಂಡು ಒಂದೊಂದು ದಿನ ಒಂದೊಂದು ಊರಿನ ಸಂತೆ. ಮೊದಲ ಮಗಳು ಅನುಷಾ ಅಂಗನವಾಡಿಗೆ ಹೋಗುತ್ತಿದ್ದಾಗ ಹಾಲಮ್ಮ ಎರಡನೇ ಹೆರಿಗೆಗೆ ತವರಿಗೆ ಬಂದಳು. ಆ ಮಗು ಉಳಿಯಲಿಲ್ಲ. ಇವಳೂ ಬಹಳ ದಿನ ಹಾಸಿಗೆ ಹಿಡಿದಳು. ದೊಡ್ಡವಳು ಇಲ್ಲೇ ಅಜ್ಜಿಯ ಹತ್ತಿರ ಇರಲಿ, ನೀನು ಸುಧಾರಿಸಿಕೋ ಎಂದರು ಗಂಡನ ಮನೆಯವರು. ಸುಧಾರಿಸಿಕೊಂಡು ಹೋದಾಗ ಬಾಗಿಲಲ್ಲೇ ತಡೆದರು. ಸ್ವಲ್ಪ ದಿನಕ್ಕೆ ಕೊಟ್ರೇಶ ವಿಚ್ಛೇದನ ಕೇಳಿ ನಮ್ಮ ಕೋರ್ಟಿಗೆ ಬಂದ.

ಹಾಲಮ್ಮ ವಿಚ್ಛೇದನಕ್ಕೆ ಹೆಚ್ಚು ತಕರಾರು ಮಾಡಲಿಲ್ಲ. ಅವಳು ಕೇಳಿದ್ದು ಮಗಳನ್ನು. ಅದರ ಜೊತೆ ಇನ್ನೊಂದು ಸಣ್ಣ ಅರ್ಜಿ: ಕೇಸು ಮುಗಿಯುವವರೆಗಾದರೂ ಮಗಳನ್ನು ಆಗಾಗ ನೋಡಲು, ಒಂದು ದಿನ ಜೊತೆಗಿಟ್ಟುಕೊಳ್ಳಲು ಬಿಡಿ ಎಂದು. ಹತ್ತು ನಿಮಿಷದ ವಿಚಾರಣೆ ಸಾಕಿತ್ತು ಅದಕ್ಕೆ. ಎರಡೂ ಕಡೆಯವರನ್ನು ನಿಲ್ಲಿಸಿ ಕೇಳಿ, ಆಗಲಿ ಎಂದೋ ಇಲ್ಲ ಎಂದೋ ಬರೆಯುವಷ್ಟು. ಆ ಹತ್ತು ನಿಮಿಷ ಸಂತೆಯ ದಿನ ಸಿಗಲೇ ಇಲ್ಲ.

ಮೊದಮೊದಲು ಅವಳಿಗೂ ಸಂತೆಯ ದಿನ ಒಗ್ಗಿತ್ತು. ಅದಕ್ಕೆ ಕಾರಣ ನನಗೆ ತಡವಾಗಿ ತಿಳಿಯಿತು. ಬೆಳಿಗ್ಗೆಯೇ ಬಂದು, ಸಂತೆಯಲ್ಲಿ ಕೊಟ್ರೇಶನ ಅಂಗಡಿಯ ಎದುರಿಗೆ ಬಾಳೆಹಣ್ಣಿನವಳ ಪಕ್ಕ ನಿಲ್ಲುತ್ತಿದ್ದಳಂತೆ. ಅಜ್ಜಿ ಮೊಮ್ಮಗಳನ್ನು ಮೆಣಸಿನಕಾಯಿ ಚೀಲದ ಮೇಲೆ ಕೂರಿಸಿಕೊಂಡಿರುತ್ತಿದ್ದಳು. ಘಾಟಿಗೆ ಮಗು ಕಣ್ಣುಜ್ಜಿಕೊಳ್ಳುವುದು ಇವಳಿಗೆ ಕಾಣುತ್ತಿತ್ತು. ಹತ್ತಿರ ಹೋದರೆ ಅಜ್ಜಿ ಟಾರ್ಪಾಲಿನ ಹಿಂದೆ ಎಳೆದುಕೊಳ್ಳುತ್ತಿದ್ದಳು. ಮೊದಲು ಮಗು 'ಯವ್ವಾ' ಎಂದು ಅಳುತ್ತಿತ್ತಂತೆ. ಆಮೇಲೆ ಅಳು ನಿಂತಿತು. ಆಮೇಲೆ ಇವಳು ಎದುರಿಗಿದ್ದರೂ ಸುಮ್ಮನೆ ಆಡಿಕೊಂಡಿರುತ್ತಿತ್ತು.

ಅದಾದ ಮೇಲೆಯೇ ಹಾಲಮ್ಮ ನನ್ನ ಹತ್ತಿರ ಬಂದದ್ದು. ಕೋರ್ಟು ಎದ್ದಿತ್ತು, ನಾನು ಫೈಲುಗಳನ್ನು ಕಟ್ಟುತ್ತಿದ್ದೆ.

"ಸಾರ್, ಸಂತಿ ದಿನ ಬ್ಯಾಡ್ರಿ" ಎಂದಳು. "ಯಾರೂ ಇಲ್ಲದ ದಿನ ಹಾಕ್ರಿ. ಸಂತಿ ದಿನ ನಮ್ಮ ಹೆಸರು ಕೂಗೋ ಹೊತ್ತಿಗೆ ಜಡ್ಜಮ್ಮಗೂ ಸಾಕಾಗಿರ್ತೈತಿ. ನಡಕೊಂಡಾರ ಬರ್ತೀನಿ, ಬಸ್ಸಿಲ್ಲಾಂದ್ರೂ ಚಿಂತಿಲ್ಲ. ಮಗಳು ನನ್ನ ಮರೀತಾ ಅದಾಳ್ರಿ."

ನಾನು ಏನೆಂದುಕೊಂಡೆ ಗೊತ್ತೇ? ಹೇಳುವುದಕ್ಕೂ ನಾಚಿಕೆ — ನನಗೆ ಕೋಪ ಬಂತು. ಊರೆಲ್ಲ ಕೈಮುಗಿಯುವ ಉಪಕಾರವನ್ನು ಈ ಹುಡುಗಿ ಬೇಡ ಎನ್ನುತ್ತಾಳಲ್ಲ! ಇವಳೊಬ್ಬಳಿಗೆ ಬದಲಾಯಿಸಿದರೆ ನಾಳೆ ಇನ್ನೊಬ್ಬಳು ಬರುತ್ತಾಳೆ; ನನ್ನ ಏರ್ಪಾಟು ಸರಿಯಿಲ್ಲ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತದೆ. ಹೀಗೆಲ್ಲ ಅಂದುಕೊಂಡೆ. ಮಗಳು ಮರೆಯುತ್ತಿದ್ದಾಳೆ ಎಂಬ ಮಾತು ಕಿವಿಗೆ ಬಿತ್ತು, ಒಳಗೆ ಹೋಗಲಿಲ್ಲ. "ನೋಡ್ತೀನಿ, ಹೋಗಮ್ಮ" ಎಂದೆ.

ವಕೀಲರ ಮೂಲಕ ಕೇಳಬಹುದಿತ್ತಲ್ಲ ಎನ್ನಬಹುದು. ಅವಳ ವಕೀಲ ಪಕ್ಕದ ತಾಲ್ಲೂಕಿನವನು. ಅವನಿಗೂ ಸಂತೆಯ ದಿನವೇ ಅನುಕೂಲ — ಎಲ್ಲ ಕೇಸೂ ಒಂದೇ ದಿನ, ಒಂದೇ ಓಡಾಟ. ಕೊಟ್ರೇಶನ ವಕೀಲನಂತೂ, ನಮ್ಮ ಕಕ್ಷಿದಾರ ಉಳಿದ ದಿನ ಬೇರೆ ಊರಿನ ಸಂತೆಯಲ್ಲಿರುತ್ತಾನೆ ಸ್ವಾಮಿ ಎನ್ನುತ್ತಿದ್ದ. ಎಲ್ಲರಿಗೂ ಆ ದಿನವೇ ಬೇಕಾಗಿತ್ತು. ಬೇಡವಾಗಿದ್ದವಳು ಒಬ್ಬಳೇ, ಅವಳು ಬಂದು ಕೇಳಿದ್ದು ನನ್ನನ್ನು.

ಮರುದಿನವೇ ನ್ಯಾಯಾಧೀಶರು ನನ್ನನ್ನು ಕೋಣೆಗೆ ಕರೆದರು. ಅವರು ಬಂದು ಹೆಚ್ಚು ದಿನವಾಗಿರಲಿಲ್ಲ. ಮೈಸೂರು ಕಡೆಯವರು, ಚಿಕ್ಕ ವಯಸ್ಸು, ಕೆಲಸದಲ್ಲಿ ಚುರುಕು. ಮೇಜಿನ ಮೇಲೆ ಮಕ್ಕಳ ಅರ್ಜಿಗಳನ್ನೆಲ್ಲ ಬೇರೆ ತೆಗೆದು ಒಟ್ಟಿದ್ದರು. ಹಾಲಮ್ಮನದು ಅದರಲ್ಲೇ ಇತ್ತು, ನನಗೆ ಕಂಡಿತು.

"ಇವನ್ನೆಲ್ಲ ಯಾಕೆ ಒಂದೇ ದಿನಕ್ಕೆ ಹಾಕಿದ್ದೀರಿ? ಉಳಿದ ದಿನ ನಮಗೆ ಕೆಲಸವೇ ಇರೋದಿಲ್ಲವಲ್ಲ" ಎಂದರು. "ಒಂದು ಖಾಲಿ ದಿನ ನೋಡಿ, ಬೆಳಿಗ್ಗೆ ಮೊದಲು ಇವೇ ಬರಲಿ. ಬೇಗ ಮುಗಿಸೋಣ."

"ಹಳ್ಳಿ ಜನ ಮೇಡಂ, ಸಂತೆ ದಿನ ಆದರೆ ಬಸ್ಸು ಸಿಗುತ್ತೆ."

"ಬೇರೆ ದಿನ ಬೇಕು ಅಂತ ಯಾರೂ ಕೇಳಿಲ್ಲವಾ?"

ಅದೇ ಗಳಿಗೆ. ನಿನ್ನೆಯಷ್ಟೇ ಒಬ್ಬಳು ಕೇಳಿದ್ದಾಳೆ ಮೇಡಂ, ಅಗೋ ಆ ಫೈಲಿನವಳು — ಇಷ್ಟು ಹೇಳುವುದಕ್ಕೆ ಏನು ಕಷ್ಟವಿತ್ತು? ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೇಳಿದ್ದರೆ ನನ್ನ ವರ್ಷಾನುಗಟ್ಟಲೆಯ ಪದ್ಧತಿ ಅಂದೇ ಮುರಿದು ಬೀಳುತ್ತಿತ್ತು. ಬಂದು ನಾಲ್ಕು ದಿನವಾಗದವರು ನನಗೆ ಜನರ ಕಷ್ಟ ಹೇಳಿಕೊಡುವುದೇ ಎಂದು ಒಳಗೆ ಒಂದು —

"ಇಲ್ಲ ಮೇಡಂ. ಅವರೇ ಕೇಳಿ ಹಾಕಿಸಿಕೊಳ್ತಾರೆ" ಎಂದೆ.

ಅವರು ಕೈಯಲ್ಲಿ ಪೆನ್ನು ಹಿಡಿದುಕೊಂಡೇ ಇದ್ದರು. ಅದರ ಮುಚ್ಚಳ ಹಾಕಿದರು. "ಅವರಿಗೇ ಅನುಕೂಲ ಅಂದರೆ ಇರಲಿ ಬಿಡಿ. ನೀವು ಈ ಕಡೆಯವರು, ನಿಮಗೆ ಗೊತ್ತಿರುತ್ತೆ" ಎಂದರು. ನನ್ನನ್ನು ನಂಬಿದರು. ಆ ಒಟ್ಟಿದ ಫೈಲುಗಳನ್ನು ನಾನೇ ಎರಡೂ ತೋಳಿನಲ್ಲಿ ಎತ್ತಿಕೊಂಡು ಬಂದು ಕಪಾಟಿನಲ್ಲಿಟ್ಟೆ.

ಮುಂದಿನ ವಾಯಿದೆಯ ದಿನ ಹಾಲಮ್ಮ ಕಾದಿದ್ದಳು. "ಕೇಳಿದ್ರೇನ್ರಿ, ಸಾರ್?"

"ಕೇಳಿದೆ ತಂಗಿ, ಎಷ್ಟೋ ಹೇಳಿ ನೋಡಿದೆ. ಮೇಡಂ ಒಪ್ಪಲಿಲ್ಲ" ಎಂದೆ. ಮೊದಲನೆಯದಕ್ಕೆ ಯೋಚನೆ ಬೇಕಾಗಿತ್ತು. ಎರಡನೆಯದು ಸಲೀಸಾಗಿ ಬಂತು. ಅವಳು ನ್ಯಾಯಾಧೀಶರ ಕೋಣೆಯ ಬಾಗಿಲನ್ನು ಒಂದು ಸಲ ನೋಡಿದಳು. "ಆಯಮ್ಮಗ ಮಕ್ಕಳಿಲ್ಲೇನೋ" ಎಂದಷ್ಟೇ ಹೇಳಿ ಹೋದಳು.

ಮುಂದಿನದನ್ನು ಬರೆಯುತ್ತಾ ಹೋದರೆ ಯಾರಿಗಾದರೂ ಬೇಸರ ಬರುತ್ತದೆ. ಬರಲಿ. ಅವಳಿಗೆ ಎಷ್ಟು ಬಂದಿರಬೇಡ! ಆ ಮೇಡಂ ವರ್ಗವಾಗಿ ಹೋದರು. ಪೀಠ ಖಾಲಿ ಬಿತ್ತು. ಪಕ್ಕದ ತಾಲ್ಲೂಕಿನ ನ್ಯಾಯಾಧೀಶರಿಗೆ ಪ್ರಭಾರ ಕೊಟ್ಟರು. ಅವರು ಬಂದಾಗ ಜಾಮೀನು ಅರ್ಜಿ ಬಿಟ್ಟು ಬೇರೇನೂ ನೋಡುವಷ್ಟು ಹೊತ್ತಿರುತ್ತಿರಲಿಲ್ಲ. ಹೊಸಬರು ಬಂದರು, ಎರಡೂ ಕಡೆಯ ಹಿರಿಯರು ರಾಜಿ ಮಾಡಿಸುತ್ತೇವೆಂದು ತಾರೀಖು ತೆಗೆದುಕೊಂಡರು, ಹಿರಿಯರಲ್ಲಿ ಒಬ್ಬರು ಬಂದರೆ ಇನ್ನೊಬ್ಬರು ಬರಲಿಲ್ಲ. ವಕೀಲರು ಕಲಾಪದಿಂದ ಹೊರಗುಳಿದರು. ಕೊಟ್ರೇಶ ಬೆಳಿಗ್ಗೆ ಮುಖ ತೋರಿಸಿ ಅಂಗಡಿಗೆ ಹೋಗುವನು, ಸಂಜೆ ಕೂಗಿದಾಗ ಇರುವುದಿಲ್ಲ. ಹೀಗೆ ಒಂದೊಂದಕ್ಕೂ ಒಂದೊಂದು ಕಾರಣ, ಎಲ್ಲ ಕಾರಣಗಳೂ ನಿಜ. ಆದರೆ ಆ ಹತ್ತು ನಿಮಿಷದ ಅರ್ಜಿ ಮೇಡಂ ಇದ್ದಾಗಲೇ, ಖಾಲಿ ದಿನದ ಬೆಳಿಗ್ಗೆ ಬಂದಿದ್ದರೆ, ಇವು ಯಾವುವೂ ಅದಕ್ಕೆ ತಟ್ಟುತ್ತಿರಲಿಲ್ಲ. ನನಗೆ ಸಂಕಟವಾಗುವುದು ಇಲ್ಲಿ. ಕಾನೂನು ತಿದ್ದಬೇಕಾಗಿರಲಿಲ್ಲ, ಹೊಸ ಕಟ್ಟಡ ಬೇಕಾಗಿರಲಿಲ್ಲ, ಸರ್ಕಾರ ಕಣ್ಣು ತೆರೆಯಬೇಕಾಗಿರಲಿಲ್ಲ. ಬಾಯಿ ತೆರೆಯಬೇಕಾದವನು ನಾನೊಬ್ಬ.

ಕೊನೆಗೆ ಒಂದು ದಿನ ಕೇಸು ನಿಜವಾಗಿಯೂ ವಿಚಾರಣೆಗೆ ಬಂತು. ಅನುಷಾ ಆಗಲೇ ನಾಲ್ಕನೆಯ ಇಯತ್ತೆಯೋ ಐದನೆಯದೋ. ಎರಡು ಜಡೆ, ಶಾಲೆಯ ಸಮವಸ್ತ್ರ. ಆಗಿದ್ದ ನ್ಯಾಯಾಧೀಶರು ಮಗುವನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಫೈಲು ಹಿಡಿದು ನಾನೂ ಅಲ್ಲೇ ನಿಂತಿದ್ದೆ. ಹಾಲಮ್ಮನನ್ನು ಬಾಗಿಲಿನ ಹತ್ತಿರ ನಿಲ್ಲಿಸಿದ್ದರು. ಹೊಸ ಸೀರೆ ಉಟ್ಟುಕೊಂಡು ಬಂದಿದ್ದಳು, ಕೈಯಲ್ಲಿ ಒಂದು ಕರದಂಟಿನ ಪೊಟ್ಟಣ.

"ಇವರು ಯಾರು ಗೊತ್ತೇನಮ್ಮ?" ಎಂದು ನ್ಯಾಯಾಧೀಶರು ಮೆಲ್ಲಗೆ ಕೇಳಿದರು.

ಹುಡುಗಿ ತಿರುಗಿ ನೋಡಿದಳು. ಗುರುತು ಸಿಕ್ಕಿತು. ಮುಖದಲ್ಲಿ ದ್ವೇಷವಿರಲಿಲ್ಲ, ಏನೂ ಇರಲಿಲ್ಲ. "ಸಂತಿಗೆ ಬರ್ತಾಳಲ್ರಿ, ಆಯಮ್ಮ" ಎಂದಳು.

ತೀರ್ಪಿನಲ್ಲಿ ಮಗು ತಂದೆಯ ಮನೆಗೆ ಹೊಂದಿಕೊಂಡಿದೆ, ತಾಯಿಯ ಒಡನಾಟವಿಲ್ಲ, ಈಗ ಕದಲಿಸುವುದು ಮಗುವಿನ ಹಿತಕ್ಕೆ ಒಳ್ಳೆಯದಲ್ಲ ಎಂದು ಬಂತು. ಬರೆದವರದೇನೂ ತಪ್ಪಿಲ್ಲ. ಆ ಹೊತ್ತಿಗೆ ಅದು ನಿಜವೇ ಆಗಿತ್ತು. ತಾಯಿ ತಿಂಗಳಿಗೊಮ್ಮೆ ಬಂದು ನೋಡಬಹುದು ಎಂದೂ ಇತ್ತು. ಎರಡು ಮೂರು ಸಲ ಹೋದಳಂತೆ, ಹುಡುಗಿ ಒಳಗಿನಿಂದ ಬರಲಿಲ್ಲವಂತೆ.

ನಾನು ನಿವೃತ್ತನಾದೆ. ಶಾಲು ಹೊದಿಸಿದರು. 'ಬಡವರ ಕಷ್ಟ ತಿಳಿದು ಸಂತೆಯ ದಿನ ವಾಯಿದೆ ಕೊಡುತ್ತಿದ್ದವರು' ಎಂದು ಭಾಷಣದಲ್ಲೂ ಬಂತು. ನನ್ನ ಜಾಗಕ್ಕೆ ಬಂದ ಹುಡುಗಿ ಆರು ತಿಂಗಳೊಳಗೆ ಮಕ್ಕಳ ಅರ್ಜಿಗಳನ್ನೂ ಗಂಡ ಹೆಂಡಿರ ಕೇಸುಗಳನ್ನೂ ಬೇರೆ ದಿನದ ಬೆಳಿಗ್ಗೆಗೆ ಹಾಕಿಸಿದಳಂತೆ. ಯಾರೂ ಗೊಣಗಲಿಲ್ಲವಂತೆ. ಬಸ್ಸಿಲ್ಲದಿದ್ದರೂ ಜನ ಹೇಗೋ ಬಂದರಂತೆ, ಕೇಸುಗಳು ಮುಗಿಯತೊಡಗಿದವಂತೆ. ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಆದರೂ ಅಷ್ಟರಿಂದಲೇ ಈ ಸುಳ್ಳುಗಳ ಬಗ್ಗೆ ಬಾಯಿ ಬಿಡುತ್ತಿದ್ದೆನೋ ಇಲ್ಲವೋ. ಈಚೆಗೆ ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಕೂತಿದ್ದಾಗ ಒಬ್ಬಳು ಎದುರು ಬಂದು ನಿಂತಳು. ಕೂದಲು ನರೆತಿತ್ತು, ಮೊದಲು ಗುರುತಾಗಲಿಲ್ಲ.

"ನಾನ್ರಿ ಸಾರ್, ಹಾಲಮ್ಮ" ಎಂದಳು. ಬೇಡವೆಂದರೂ ಕೇಳದೆ ಮಿರ್ಚಿ, ಮಂಡಕ್ಕಿ ತಂದು ಕೈಗಿಟ್ಟಳು. ಪಕ್ಕದಲ್ಲಿ ನಿಂತವರಿಗೆಲ್ಲ ನನ್ನನ್ನು ತೋರಿಸಿ, "ಇಡೀ ಕೋರ್ಟಿನಾಗ ನನ್ನ ಪರವಾಗಿ ಮಾತಾಡಿದೋರು ಇವರೊಬ್ರೇ ನೋಡ್ರಿ. ನನ್ನ ಸಲುವಾಗಿ ಆ ಜಡ್ಜಮ್ಮನ ಹತ್ರ ಹೋಗಿ ಕೇಳಿದ್ರು. ಆಯಮ್ಮನ ಮನಸ್ಸು ಕಲ್ಲು, ಇವರೇನ್ ಮಾಡ್ತಾರ" ಎಂದಳು.

ನಾನು ಆ ಮಿರ್ಚಿಯನ್ನು ತಿಂದೆ. ತಿಂದೆ! ಬಸ್ಸು ಬಂತು, ಹತ್ತಿದೆ, ಅವಳು ಕೈಮುಗಿದಳು. ಎಂಥ ಮನುಷ್ಯ ನಾನು?

ಒಂದು ವಾರ ತಡೆದೆ. ಆಮೇಲೆ ಅವಳ ಹಳ್ಳಿಗೆ ಹೋದೆ. ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತಾ ಕೂತಿದ್ದಳು. ನೀರು ಕೊಟ್ಟಳು. ಕುಡಿಯದೆ ಎಲ್ಲವನ್ನೂ ಹೇಳಿದೆ — ಇಲ್ಲಿ ಬರೆದಷ್ಟನ್ನೇ, ಇಷ್ಟೇ ನೇರವಾಗಿ. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳ ಕೈ ಮಾತ್ರ ನಿಂತಿತು.

"ಅಂದ್ರ ಆ ಮೇಡಂ ಒಲ್ಲೆ ಅಂದಿದ್ದಿಲ್ಲೇನ್ರಿ?" ಎಂದು ಕೇಳಿದಳು.

"ಇಲ್ಲ."

"ಖಾಲಿ ದಿನ ಹಾಕ್ರಿ ಅಂತ ಆಯಮ್ಮನೇ ಹೇಳಿದ್ಳಾ?"

"ಹೌದು."

"ಇಷ್ಟು ವರ್ಷ ಆಯಮ್ಮಗ ಶಾಪ ಹಾಕೀನ್ರಿ" ಎಂದಳು. "ಮಕ್ಕಳು ಮರಿ ಎಲ್ಲಾ ಸೇರಿಸಿ ಹಾಕೀನಿ."

ನಾನು ಕ್ಷಮಿಸು ಎಂದು ಬಾಯಿ ತೆರೆದೆ. ಅವಳು ಕೈ ಅಡ್ಡ ಮಾಡಿ ತಡೆದಳು.

"ನನಗ ಹೇಳಿ ಏನ್ ಮಾಡ್ತೀರಿ? ನನ್ನ ಮಗಳಿಗೆ ಹೇಳ್ರಿ. ಅಕಿ ಅಜ್ಜಿ ಅಕಿಗೆ ಏನ್ ಹೇಳ್ಯಾಳ ಗೊತ್ತೇನ್ರಿ? ನಿಮ್ಮವ್ವ ಸಂತಿ ಮಾಡಾಕ ಬರ್ತಿದ್ಳು, ಹಂಗ ಹಾದ್ಯಾಗ ಕೋರ್ಟಿಗೆ ಇಣುಕ್ತಿದ್ಳು, ನೀನು ಬೇಕಾಗಿದ್ರ ಸಂತಿ ಇಲ್ಲದ ದಿನ ಒಂದಾರ ಬರ್ತಿರಲಿಲ್ಲೇನು ಅಂತ. ವಾಯಿದಿ ಎಲ್ಲಾ ಸಂತಿ ದಿನಾನ ಬಿದ್ದಾವು. ನಾನು ಏನಂತ ಹೇಳ್ಲಿ? ಅಕಿ ನಂಬ್ಯಾಳ."

ಇದು ನನಗೆ ಗೊತ್ತಿರಲಿಲ್ಲ. ಕೇಸು ಸೋಲಿಸಿದ್ದು ಮಾತ್ರ ನನ್ನ ಪಾಪವೆಂದುಕೊಂಡಿದ್ದೆ. ಮಗಳ ಮನಸ್ಸಿನಲ್ಲಿ ತಾಯಿಯನ್ನು ಬರಿಯ ಸಂತೆಗೆ ಬಂದವಳನ್ನಾಗಿ ಮಾಡಿದ್ದೂ ನಾನೇ ಎಂದು ಆ ಕಟ್ಟೆಯ ಮೇಲೆ ತಿಳಿಯಿತು.

ಮುಂದಿನ ಸಂತೆಯ ದಿನ ಕೊಟ್ರೇಶನ ಅಂಗಡಿಗೆ ಹೋದೆ. ಅಜ್ಜಿ ತೀರಿಕೊಂಡಿದ್ದಾಳೆ. ಕೊಟ್ರೇಶ ಸರಕು ತರಲು ಹೋಗಿದ್ದ. ಅಂಗಡಿಯಲ್ಲಿ ಅನುಷಾ ಒಬ್ಬಳೇ. ಪಿಯುಸಿ ಮುಗಿಸಿದ್ದಾಳಂತೆ. ಬಾಯಿಗೆ ವೇಲು ಕಟ್ಟಿಕೊಂಡು ಎರಡೂ ಕೈಯಿಂದ ಮೆಣಸಿನಕಾಯಿ ಬಾಚಿ ತೂಗುತ್ತಿದ್ದಳು. ಹಣೆ, ಹುಬ್ಬು ಎಲ್ಲ ಹಾಲಮ್ಮನದೇ.

"ಏನ್ ಬೇಕ್ರಿ ಅಜ್ಜಾರ? ಬ್ಯಾಡಗಿ ಐತಿ, ಗುಂಟೂರು ಐತಿ."

"ಮೆಣಸಿನಕಾಯಿ ಬೇಡಮ್ಮ. ನಾನು ಕೋರ್ಟಿನಲ್ಲಿದ್ದವನು. ನಿಮ್ಮ ತಾಯಿಯ ವಿಷಯ ಒಂದು ಮಾತು ಹೇಳಬೇಕು" ಎಂದೆ.

ಅವಳ ಮುಖ ಬಿಗಿಯಿತು. ನನ್ನ ಹಿಂದೆ ಗಿರಾಕಿಗಳು ನೂಕುತ್ತಿದ್ದರು. "ಈಗ ಗದ್ಲ ಐತ್ರಿ" ಎಂದಳು. "ಮುಂದಿನ ಸಂತಿಗೆ ಬರ್ರಿ."

ಈ ಮಾತನ್ನು ನಾನು ಎಷ್ಟು ಹೆಂಗಸರಿಗೆ ಹೇಳಿದ್ದೇನೋ. ಹೇಳಿ, ಫೈಲು ಕಟ್ಟಿ, ಮನೆಗೆ ಹೋಗಿದ್ದೇನೆ. ಕೇಳಿಸಿಕೊಂಡವರು ಆಮೇಲೆ ಎಲ್ಲಿ ಹೋಗುತ್ತಿದ್ದರು, ಏನು ಮಾಡುತ್ತಿದ್ದರು — ಒಮ್ಮೆಯೂ ತಿರುಗಿ ನೋಡಿರಲಿಲ್ಲ.

"ಇಲ್ಲೇ ಕೂತಿರ್ತೀನಮ್ಮ. ನಿನ್ನ ವ್ಯಾಪಾರ ಮುಗೀಲಿ" ಎಂದು ಅಂಗಡಿಯ ಬದಿಗೆ ಹೋಗಿ ಒಂದು ಚೀಲದ ಪಕ್ಕ ಕೂತೆ. ಘಾಟು ತಲೆಗೇರಿ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬಿಸಿಲು ಈ ಕಡೆಯಿಂದ ಆ ಕಡೆಗೆ ಹೋಯಿತು. ನಡುವೆ ಒಮ್ಮೆ ಅವಳು ನನ್ನನ್ನು ನೋಡಿದಳು. ಎದುರಿನ ಬಾಳೆಹಣ್ಣಿನವಳು ಗಾಡಿ ತಳ್ಳಿಕೊಂಡು ಹೋದಳು. ಸಂತೆ ಕರಗಿತು. ಅನುಷಾ ಟಾರ್ಪಾಲು ಇಳಿಸಿ, ಚೀಲಗಳ ಬಾಯಿ ಕಟ್ಟಿ, ಬಾಯಿಗೆ ಕಟ್ಟಿದ್ದ ವೇಲು ಬಿಚ್ಚಿ ನನ್ನ ಎದುರಿಗೆ ಬಂದು ನಿಂತಳು.

"ಇನ್ನೂ ಕುಂತೀರೇನ್ರಿ? ಹೇಳ್ರಿ, ಅದೇನು."

ನಾನು ಎದ್ದು ನಿಂತೆ.

"ನಿಮ್ಮವ್ವ ಬೇರೆ ದಿನ ಕೇಳಿದ್ಲಮ್ಮ" ಎಂದೆ. "ಕೊಡದೇ ಇದ್ದವನು ನಾನು."